ಲೆಕ್ಕ ಸರಿಯಿದ್ದೂ ತೀರ್ಮಾನದಲ್ಲಿ ಅಂಕ ಹೋಗುವುದರ ಬಗ್ಗೆ

ನಮಸ್ಕಾರ. ಸಂಖ್ಯಾಶಾಸ್ತ್ರದ ಅಸೈನ್‌ಮೆಂಟ್‌ಗಳಲ್ಲಿ ಲೆಕ್ಕವೆಲ್ಲ ಸರಿಬಂದರೂ ‘ನಿಮ್ಮ ತೀರ್ಮಾನವನ್ನು ಬರೆಯಿರಿ’ ಎಂಬಲ್ಲಿ ಪ್ರತಿ ಸಲವೂ ಅಂಕ ಹೋಗುತ್ತದೆ, ಯಾವ ಪರೀಕ್ಷೆಯನ್ನು ಯಾವಾಗ ಬಳಸಬೇಕೆಂಬುದೂ ಹೊಳೆಯುವುದಿಲ್ಲ ಎಂದು ಕೇಳಿದ್ದೀರಿ. ಮೊದಲ ವರ್ಷ ನನ್ನ ಪಾಡೂ ಇದೇ ಆಗಿತ್ತು. ಬರುವ ಪ್ರತಿಯೊಂದು ಸಂಖ್ಯೆಯೂ ಯಾವ ಪ್ರಶ್ನೆಗೆ ಉತ್ತರವೆಂದು ಕೇಳಿಕೊಳ್ಳುವ ಅಭ್ಯಾಸ ಬಂದ ಮೇಲಷ್ಟೇ ಅದು ನೆಟ್ಟಗಾಯಿತು.

ಸಣ್ಣ ದತ್ತಾಂಶವೊಂದನ್ನು ತೆಗೆದುಕೊಂಡು, ಸಾಫ್ಟ್‌ವೇರ್ ಮುಟ್ಟದೆ, ಒಮ್ಮೆ ಕೈಯಲ್ಲೇ ಲೆಕ್ಕ ಮಾಡಿ. 2, 4, 4, 4, 5, 5, 7, 9 ಎಂಬ ಎಂಟು ಸಂಖ್ಯೆಗಳ ಸರಾಸರಿ 5, ಸರಾಸರಿಯಿಂದ ಒಂದೊಂದೂ ಎಷ್ಟು ದೂರವಿದೆ ಎಂಬ ವಿಚಲನೆಗಳ ವರ್ಗಗಳ ಮೊತ್ತ 32. ಈ ಎಂಟೇ ಇಡೀ ಸಮಷ್ಟಿಯಾಗಿದ್ದರೆ (ನಾವು ತಿಳಿಯಬೇಕಾದ ಪೂರ್ತಿ ಗುಂಪಾಗಿದ್ದರೆ) ಆ ಮೊತ್ತವನ್ನು 8ರಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು, ಆಗ ಮಾನಕ ವಿಚಲನೆ 2. ದೊಡ್ಡ ಸಮಷ್ಟಿಯಿಂದ ಆಯ್ದ ಮಾದರಿಯಾಗಿದ್ದರೆ 7ರಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು, ಆಗ ಸುಮಾರು 2.14. ಮಾದರಿಯ ಸಂಖ್ಯೆಗಳು ತಮ್ಮದೇ ಸರಾಸರಿಗೆ ಹತ್ತಿರವಿರುವುದರಿಂದ, ಸಮಷ್ಟಿಯ ನಿಜವಾದ ಸರಾಸರಿಯಿಂದ ಅಳೆದಾಗ ಬರುವುದಕ್ಕಿಂತ ಹರಡಿಕೆ ಕಡಿಮೆ ಕಾಣುತ್ತದೆ. ಆ ಕೊರತೆಯನ್ನು ತುಂಬಲೆಂದೇ ಒಂದನ್ನು ಕಳೆಯುವುದು. ಇನ್ನು 2.14ನ್ನು 8ರ ವರ್ಗಮೂಲದಿಂದ ಭಾಗಿಸಿದರೆ ಬರುವ 0.76 ಸ್ಟ್ಯಾಂಡರ್ಡ್ ಎರರ್. ಮಾನಕ ವಿಚಲನೆ ಒಂದೊಂದು ಅಳತೆ ಎಷ್ಟು ಚದುರಿದೆ ಎಂದು ಹೇಳಿದರೆ, ಸ್ಟ್ಯಾಂಡರ್ಡ್ ಎರರ್ ನಮ್ಮ ಸರಾಸರಿಯನ್ನು ಎಷ್ಟು ನಂಬಬಹುದೆಂದು ಹೇಳುತ್ತದೆ. ಇವೆರಡನ್ನು ಅದಲುಬದಲು ಬರೆದು ಅಂಕ ಕಳೆದುಕೊಂಡವರ ಸಾಲಿನಲ್ಲಿ ನಾನೂ ಇದ್ದೇನೆ.

ನಿಮ್ಮ ಅಂಕಗಳು ಹೆಚ್ಚಾಗಿ ಸೋರುತ್ತಿರುವುದು ಪಿ-ಮೌಲ್ಯದಲ್ಲಿ ಎಂದು ನನ್ನ ಅನುಮಾನ. ನಾಣ್ಯವೊಂದನ್ನು 10 ಸಲ ಚಿಮ್ಮಿದಾಗ 8 ಸಲ ಶಿರ ಬಿತ್ತೆಂದುಕೊಳ್ಳಿ. ಒಟ್ಟು 1024 ಸಮಸಾಧ್ಯ ಫಲಿತಗಳಲ್ಲಿ 8 ಶಿರ ಬರುವ ವಿಧಗಳು 45, 9 ಬರುವವು 10, 10 ಬರುವುದು 1, ಒಟ್ಟು 56. ಪುಚ್ಛದ ಕಡೆಗೂ ಅಷ್ಟೇ ವಾಲಬಹುದಾದ್ದರಿಂದ 112. ಅಂದರೆ ನಾಣ್ಯ ನಿಷ್ಪಕ್ಷಪಾತವಾಗಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವಾಲಿದ ಫಲಿತ ಬರುವ ಸಾಧ್ಯತೆ ಸುಮಾರು 0.11. ಇದೇ ಪಿ-ಮೌಲ್ಯ. ‘ನಾಣ್ಯ ನಿಷ್ಪಕ್ಷಪಾತವಾಗಿರುವ ಸಾಧ್ಯತೆ ಶೇ. 11’ ಎಂದು ಬರೆದರೆ ಪೂರ್ತಿ ತಪ್ಪು, ಏಕೆಂದರೆ ನಾಣ್ಯ ಸರಿಯಿದೆ ಎಂದು ಊಹಿಸಿಕೊಂಡೇ ನಾವು ಎಣಿಕೆ ಆರಂಭಿಸಿದೆವು. ರೂಢಿಯ ಗಡಿಯಾದ 0.05ಕ್ಕಿಂತ ಹೆಚ್ಚು ಬಂದಿತೆಂದು ‘ನಾಣ್ಯ ಸರಿಯಿದೆಯೆಂದು ಸಾಬೀತಾಯಿತು’ ಎನ್ನುವುದೂ ತಪ್ಪೇ. ಶೇ. 70ರಷ್ಟು ಸಲ ಶಿರ ಬೀಳುವಂತೆ ತಿದ್ದಿದ ನಾಣ್ಯವೂ 10 ಚಿಮ್ಮುಗಳ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಸಾಧ್ಯತೆ ಸುಮಾರು ಶೇ. 15 ಮಾತ್ರ, ಅಷ್ಟು ಚಿಕ್ಕ ಮಾದರಿಗೆ ಅಷ್ಟೇ ಕಣ್ಣು.

ಪರೀಕ್ಷೆಯ ಆಯ್ಕೆ ನೀವು ಅಂದುಕೊಂಡಷ್ಟು ಕಷ್ಟವಲ್ಲ. ಎರಡು ಗುಂಪುಗಳ ಸರಾಸರಿಯನ್ನು ಹೋಲಿಸಲು ಟಿ-ಪರೀಕ್ಷೆ, ವರ್ಗವಾರು ಎಣಿಕೆಗಳಿಗೆ ಕೈ-ವರ್ಗ (chi-square) ಪರೀಕ್ಷೆ, ಎರಡು ಅಳತೆಗಳ ನಡುವಿನ ನಂಟಿಗೆ ಸಹಸಂಬಂಧ. ಅದೇ ಜನರನ್ನು ಮೊದಲೊಮ್ಮೆ, ಆಮೇಲೊಮ್ಮೆ ಅಳೆದಿದ್ದರೆ ಮಾತ್ರ ಅವನ್ನು ಎರಡು ಪ್ರತ್ಯೇಕ ಗುಂಪುಗಳೆಂದು ಭಾವಿಸದೆ ಜೋಡಿ ಟಿ-ಪರೀಕ್ಷೆ ಬಳಸಿ. (ಬಿಯರ್ ತಯಾರಿಸುವ ಗಿನ್ನೆಸ್ ಕಂಪನಿಯಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಿಂದ ಟಿ-ಪರೀಕ್ಷೆಯ ಮೂಲ ಲೇಖನವನ್ನು ಪ್ರಕಟಿಸಿದ್ದು ಇಂಥ ಸಣ್ಣ ಮಾದರಿಗಳಿಗಾಗಿಯೇ.)

ಯಾವುದನ್ನು ಲೆಕ್ಕ ಹಾಕುವ ಮೊದಲೂ ಚುಕ್ಕೆಗಳ ನಕ್ಷೆ ಬಿಡಿಸಿ. ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೂಂಬ್ 1973ರಲ್ಲಿ 11 ಬಿಂದುಗಳ ನಾಲ್ಕು ದತ್ತಾಂಶಗಳನ್ನು ಮುಂದಿಟ್ಟರು. ನಾಲ್ಕರಲ್ಲೂ ಸರಾಸರಿಗಳು ಒಂದೇ, ಸಹಸಂಬಂಧ ಸುಮಾರು 0.82; ಆದರೆ ನಕ್ಷೆಯಲ್ಲಿ ಒಂದು ಸಾಧಾರಣ ಚದುರು, ಒಂದು ಬಿಲ್ಲಿನಂಥ ಬಾಗು, ಮತ್ತೊಂದು ಒಂದೇ ಬಿಂದು ದಾರಿ ತಪ್ಪಿದ ನೇರ ಗೆರೆ, ಕೊನೆಯದು ಒಂಟಿ ಬಿಂದುವೊಂದರ ಹೊರತು ಉಳಿದೆಲ್ಲ ಒಂದೇ ಕಂಬಸಾಲಿನಲ್ಲಿ.

ತೀರ್ಮಾನ ಬರೆಯುವಾಗ ಪ್ರಶ್ನೆಯ ಮಾತುಗಳನ್ನೇ ಬಳಸಿ, ಸಂಖ್ಯೆಯನ್ನು ಜೊತೆಗಿಡಿ, ಮಿತಿಯನ್ನೂ ಹೇಳಿ. ನಾಣ್ಯದ ಪ್ರಶ್ನೆಗಾದರೆ ನಾನು ಹೀಗೆ ಬರೆಯುತ್ತೇನೆ: ‘10 ಚಿಮ್ಮುಗಳಲ್ಲಿ 8 ಶಿರ ಬಂದಿವೆ (ಪಿ = 0.11), ನಾಣ್ಯ ಪಕ್ಷಪಾತಿ ಎನ್ನಲು ಇಷ್ಟು ಪುರಾವೆ ಸಾಲದು, ಆದರೆ ಮಾದರಿ ಚಿಕ್ಕದಾದ್ದರಿಂದ ಪಕ್ಷಪಾತ ಇಲ್ಲವೆಂದೂ ಹೇಳಲಾಗದು.’ ಮುಂದಿನ ಅಸೈನ್‌ಮೆಂಟ್‌ನ ತೀರ್ಮಾನವನ್ನು ಸಲ್ಲಿಸುವ ಮೊದಲು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.