ದ್ರಾವಣ ತೆಳುವಾದರೆ ಪ್ರಕ್ಷೇಪದ ಇಳುವರಿ ಯಾಕೆ ಇಳಿಯುತ್ತದೆ?

ನಿಮ್ಮ ಪ್ರಶ್ನೆ ಇದು: ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಸೋಡಿಯಂ ಸಲ್ಫೇಟ್ ದ್ರಾವಣಗಳನ್ನು 50 ಮಿಲಿಯಂತೆ, ಬೇರೆ ಬೇರೆ ಸಾಂದ್ರತೆಯಲ್ಲಿ (ಮೋಲಾರ್ ಎಂದರೆ ಒಂದು ಲೀಟರಿನಲ್ಲಿ ಎಷ್ಟು ಮೋಲ್ ಕರಗಿದೆ ಎಂಬ ಲೆಕ್ಕ) ಬೆರೆಸಿದ್ದೀರಿ. 0.5 ಮೋಲಾರ್‌ನಲ್ಲಿ ಬಿಳಿ ಪ್ರಕ್ಷೇಪ, ಅಂದರೆ ಕರಗದೆ ತಳಕ್ಕೆ ಬೀಳುವ ಪುಡಿ, ಚೆನ್ನಾಗಿ ಬಂತು. 0.1ರಲ್ಲಿ ಶೇಕಡಾ ಇಳುವರಿ (ಸಿಗಬೇಕಾದದ್ದರಲ್ಲಿ ನಿಜವಾಗಿ ಸಿಕ್ಕ ಪಾಲು) ಇಳಿಯಿತು. 0.02ರಲ್ಲಿ ಏನೂ ಬರಲಿಲ್ಲ. ಎಲ್ಲಿ ತಪ್ಪಿದೆ?

ನೀವು ತಪ್ಪು ಮಾಡಿಲ್ಲ. ಕಾಸರಗೋಡಿನಲ್ಲಿ, ಕನ್ನಡ ಮೀಡಿಯಂನಿಂದ ಪ್ಲಸ್ ಟುಗೆ ಬರುವ ಮಕ್ಕಳಿಗೆ ನಾನು ಕೆಮಿಸ್ಟ್ರಿ ಕಲಿಸುತ್ತೇನೆ. ಪ್ರತಿ ವರ್ಷ ಯಾರಾದರೂ ಇದನ್ನೇ ಕೇಳುತ್ತಾರೆ, ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ.

ಇಲ್ಲಿ ಬೀಳುವುದು ಜಿಪ್ಸಂ, ಅಂದರೆ ನೀರನ್ನು ಒಳಗೆ ಹಿಡಿದಿರುವ ಕ್ಯಾಲ್ಸಿಯಂ ಸಲ್ಫೇಟ್. ‘ಕರಗದ ವಸ್ತು’ ಎಂದರೂ ಅದು ಸ್ವಲ್ಪ ಕರಗಿಯೇ ಕರಗುತ್ತದೆ. ಒಂದು ಲೀಟರ್ ನೀರು ಸುಮಾರು 2.4 ಗ್ರಾಂ ಜಿಪ್ಸಂ ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಬೀಕರಿನಲ್ಲಿ ಒಟ್ಟು 100 ಮಿಲಿ ಇತ್ತು ಅಲ್ವಾ, ಅಂದರೆ 0.24 ಗ್ರಾಂ ನೀರಿನ ಪಾಲು. ದ್ರಾವಣ ದಪ್ಪವಿರಲಿ, ತೆಳುವಿರಲಿ, ನೀರು ಕೇಳುವ ಪಾಲು ಹೆಚ್ಚುಕಡಿಮೆ ಅಷ್ಟೇ.

ಈಗ ಲೆಕ್ಕ ಹಾಕಿ. 0.5 ಮೋಲಾರ್‌ನಲ್ಲಿ ಸಿಗಬೇಕಾದದ್ದು 4.3 ಗ್ರಾಂ. ಅದರಲ್ಲಿ 0.24 ಹೋದರೆ ಇಳುವರಿ ಸುಮಾರು ಶೇ. 94. 0.1ರಲ್ಲಿ ಸಿಗಬೇಕಾದದ್ದು 0.86 ಗ್ರಾಂ ಮಾತ್ರ. ಅಷ್ಟೇ 0.24 ಹೋದಾಗ ಶೇ. 72ಕ್ಕೆ ಇಳಿಯುತ್ತದೆ. 0.02ರಲ್ಲಿ ಆಗುವುದೇ 0.17 ಗ್ರಾಂ, ಅದನ್ನು ನೀರೇ ಪೂರ್ತಿ ನುಂಗಿಬಿಡುತ್ತದೆ. ಜೊತೆಗೆ ಉಂಟಾಗುವ ಉಪ್ಪು ಜಿಪ್ಸಮ್ಮನ್ನು ಇನ್ನೂ ಸ್ವಲ್ಪ ಜಾಸ್ತಿ ಕರಗಿಸುವುದರಿಂದ ನಿಮ್ಮ ಅಂಕಿ ಇದಕ್ಕಿಂತ ಕೆಳಗಿದ್ದರೂ ಗಾಬರಿ ಬೇಡ.

ಬೇರಿಯಂ ಸಲ್ಫೇಟ್ ಆಗಿದ್ದರೆ ಈ ವ್ಯತ್ಯಾಸ ಕಾಣುತ್ತಲೇ ಇರಲಿಲ್ಲ. ಅದು ಲೀಟರಿಗೆ ಕರಗುವುದು ಸುಮಾರು 2.4 ಮಿಲಿಗ್ರಾಂ, ಜಿಪ್ಸಮ್ಮಿನ ಸಾವಿರದಲ್ಲಿ ಒಂದು ಪಾಲು.

ಹಾಗಂತ ಸುಮ್ನೆ ದಪ್ಪ ದ್ರಾವಣಗಳನ್ನು ಒಮ್ಮೆಲೇ ಸುರಿಯಬೇಡಿ. ಆಗ ಕಣಗಳು ತೀರಾ ಸಣ್ಣದಾಗಿ ಹುಟ್ಟುತ್ತವೆ. ಕೆಲವು ಫಿಲ್ಟರ್ ಪೇಪರ್ ದಾಟಿ ಹೋಗುತ್ತವೆ, ಕೆಲವು ಸೋಡಿಯಂ, ಕ್ಲೋರೈಡನ್ನು ಒಳಗೆ ಹಿಡಿದುಕೊಳ್ಳುತ್ತವೆ. ನಿಧಾನವಾಗಿ, ಕಲಕುತ್ತಾ ಸುರಿಯಿರಿ. ಸೋಡಿಯಂ ಸಲ್ಫೇಟನ್ನು ಸ್ವಲ್ಪ ಜಾಸ್ತಿ ಹಾಕಿದರೆ ಜಿಪ್ಸಂ ಕರಗುವುದು ಕಡಿಮೆಯಾಗುತ್ತದೆ. ತೊಳೆಯಲು ತುಂಬಾ ನೀರು ಬಳಸಬೇಡಿ. 50 ಮಿಲಿ ನೀರು 0.12 ಗ್ರಾಂ ವರೆಗೂ ಕೊಂಡೊಯ್ಯಬಹುದು.

ಇನ್ನು ಒಣಗಿಸುವುದು. ನಮ್ಮ ಕಡೆ ಆಟಿ ತಿಂಗಳ ಮಳೆಯಲ್ಲಿ ಫಿಲ್ಟರ್ ಪೇಪರ್ ಒಣಗುವುದೇ ಇಲ್ಲ. ಒಮ್ಮೆ ನನ್ನ ಕ್ಲಾಸಿನಲ್ಲಿ ಶೇ. 108 ಬಂತು, ಮಕ್ಕಳು ಕುಣಿದರು. ಅದು ಒದ್ದೆ ಪೇಪರಿನ ತೂಕ. ಬೇಗ ಒಣಗಲಿ ಎಂದು 110 ಡಿಗ್ರಿ ಓವನ್‌ನಲ್ಲಿ ಇಟ್ಟರೆ ಜಿಪ್ಸಂ ತನ್ನೊಳಗಿನ ನೀರನ್ನೇ ಬಿಟ್ಟು ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗತೊಡಗುತ್ತದೆ, ಇಳುವರಿ ಸುಳ್ಳೇ ಇಳಿಯುತ್ತದೆ. 40 ಡಿಗ್ರಿ ಆಸುಪಾಸಿನಲ್ಲಿ ಒಣಗಿಸಿ, ಎರಡು ದಿನ ತೂಕ ಒಂದೇ ಬಂದ ಮೇಲೆ ಲೆಕ್ಕ ಬರೆಯಿರಿ.