ಬಣ್ಣ ಬೇರೆ ಏಕೆ?

ಪ್ರಶ್ನೆ: 1942ರ ಯುರೋಪಿನ ನಕ್ಷೆಯಲ್ಲಿ ಬಿಯಾಲಿಸ್ಟಾಕ್ ಜಿಲ್ಲೆ ಜರ್ಮನಿಯ ಪೂರ್ವ ಪ್ರಷ್ಯ ಪ್ರಾಂತ್ಯಕ್ಕೆ ಅಂಟಿಕೊಂಡಿದೆ, ಆದರೆ ಬಣ್ಣ ಬೇರೆ. ಅದು ಜರ್ಮನಿಗೆ ಸೇರಿತ್ತೇ?
– ಓದುಗರು, ಪಾವಗಡ

ಉತ್ತರ: ಗಡಿ ತಾಲ್ಲೂಕಿನವರ ಕಣ್ಣಿಗೆ ಇಂಥದ್ದು ಬೇಗ ಬೀಳುತ್ತದೆ! ನಕ್ಷೆ ಸರಿಯಾಗಿಯೇ ಇದೆ. ಈ ಪ್ರದೇಶ 1939ರವರೆಗೆ ಪೋಲೆಂಡ್, ಆಮೇಲೆ ಸೋವಿಯತ್ ಬೆಲಾರೂಸ್. 1941ರ ಜೂನ್‌ನಲ್ಲಿ ಜರ್ಮನ್ ಸೇನೆಯ ವಶ. ಆಗಸ್ಟ್ 1ರಿಂದ ನಾಗರಿಕ ಆಡಳಿತ ಬಂತು. ಅದರ ಮುಖ್ಯಸ್ಥ ಎರಿಕ್ ಕೋಖ್. ಪೂರ್ವ ಪ್ರಷ್ಯದ ಅಧಿಕಾರವೂ ಅವನ ಕೈಯಲ್ಲೇ ಇತ್ತು. ಆದರೂ ಜಿಲ್ಲೆಯನ್ನು ವಿಧಿವತ್ತಾಗಿ ಜರ್ಮನಿಗೆ ವಿಲೀನ ಮಾಡಲೇ ಇಲ್ಲ. ಗೊಂದಲವಾಗುವುದು ಪಕ್ಕದ ಸುವಾಲ್ಕಿ ಪ್ರದೇಶದಿಂದ: ಅದನ್ನು 1939ರಲ್ಲೇ ಪೂರ್ವ ಪ್ರಷ್ಯಕ್ಕೆ ಸೇರಿಸಿದ್ದರು. ಹಳೆಯ ದಾಖಲೆಯ ಊರನ್ನು ಇಂದಿನ ನಕ್ಷೆಯಲ್ಲಿ ಹುಡುಕುವಾಗ ಜಿಲ್ಲೆಯ ಹೆಸರೊಂದೇ ಸಾಲದು, ಅದರ ಕೆಳಗಿನ ಉಪವಿಭಾಗವನ್ನೂ ನೋಡಿ. ಎರಡೂ ಈ ಜಿಲ್ಲೆಯಲ್ಲೇ ಇದ್ದರೂ ಲೊಮ್ಜಾ ಈಗ ಪೋಲೆಂಡಿನಲ್ಲಿದೆ, ಗ್ರೊಡ್ನೊ ಬೆಲಾರೂಸಿನಲ್ಲಿ.