ಕಿಲೋಮೀಟರ್ ಬಿಡಿ, ಸ್ಟೇಷನ್ ಎಣಿಸಿ

ಓದುಗರ ಪ್ರಶ್ನೆಗೆ ಉತ್ತರ: ಸೈಕಲ್ ಅಂಕಣ
ಉತ್ತರಿಸುವವರು: ಚಿಕ್ಕಬಳ್ಳಾಪುರದ ನಿವೃತ್ತ ಸ್ಟೇಷನ್ ಮಾಸ್ಟರ್

ಪ್ರಶ್ನೆ: ಸರ್, ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ವಯಸ್ಸು 63. ಬರುವ ಸೆಪ್ಟೆಂಬರ್‌ನಲ್ಲಿ ನಾನೂ ನನ್ನ ಹೆಂಡತಿಯೂ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಅಲ್ಲಿ ಹಳೇ ರೈಲು ದಾರಿಯನ್ನೇ ಸೈಕಲ್ ದಾರಿ ಮಾಡಿದ್ದಾರಂತೆ. 150 ಮೈಲಿ ಉದ್ದ. ಒಂದು ಶನಿವಾರ, ಭಾನುವಾರ ಎಲ್ಲರೂ ಸೇರಿ ಅದರಲ್ಲಿ ಹೋಗೋಣ ಅಂತ ಅಳಿಯ ಹೇಳುತ್ತಿದ್ದಾನೆ. ನಮ್ಮ ಕೈಲಾಗುತ್ತದೆಯೇ? ಹೇಗೆ ತಯಾರಾಗಬೇಕು?
– ಓದುಗರು, ಚಿಂತಾಮಣಿ

ಉತ್ತರ: ಮೇಷ್ಟ್ರೇ, ಖಂಡಿತ ಹೋಗಿ. ನಿಮ್ಮ ಅಳಿಯ ಹೇಳುತ್ತಿರುವುದು ಗ್ರೇಟ್ ಅಲೆಗೇನಿ ಪ್ಯಾಸೇಜ್ ಅನ್ನುವ ದಾರಿ. ಪಿಟ್ಸ್‌ಬರ್ಗ್‌ನಿಂದ ಮೇರಿಲ್ಯಾಂಡ್ ರಾಜ್ಯದ ಕಂಬರ್ಲೆಂಡ್‌ವರೆಗೆ ಸುಮಾರು 240 ಕಿ.ಮೀ. ನಾನೂ ನನ್ನಾಕೆಯೂ ಅದರ ಪೂರ್ವದ ಭಾಗದಲ್ಲಿ ಸೈಕಲ್ ತುಳಿದಿದ್ದೇವೆ. ಅದಕ್ಕೇ ನಿಮ್ಮ ಪತ್ರ ನೋಡಿ ತುಂಬಾ ಖುಷಿಯಾಯಿತು.

ಮೊದಲು ಒಂದು ಮಾತು. ಎರಡು ದಿನದಲ್ಲಿ 240 ಕಿ.ಮೀ. ಅನ್ನುವ ಯೋಚನೆ ಬೇಡ. ಹುಡುಗರು ಮಾಡುತ್ತಾರೆ, ಮಾಡಲಿ. ರೈಲು ದಾರಿಯ ಸೊಗಸು ಇರುವುದು ಅದರ ಸ್ಟೇಷನ್‌ಗಳಲ್ಲಿ. ಉಗಿ ಎಂಜಿನ್‌ಗೆ ಆಗಾಗ ನೀರು ಬೇಕಿತ್ತು, ಊರುಗಳಿಗೆ ರೈಲು ಬೇಕಿತ್ತು. ಹಾಗಾಗಿ ಹಳೇ ಲೈನ್ ಎಲ್ಲೇ ಇರಲಿ, ದಣಿಯುವಷ್ಟು ಹೊತ್ತಿಗೆ ಒಂದು ಊರು ಸಿಗುತ್ತದೆ. ಅಲ್ಲಿ ಇಳಿಯಿರಿ. ನೀರು ತುಂಬಿಕೊಳ್ಳಿ. ಅಲ್ಲಿನವರ ಜೊತೆ ಎರಡು ಮಾತಾಡಿ. ಇಂದು ಎಷ್ಟು ಕಿ.ಮೀ. ಹೋಗೋಣ ಅಂತ ಕೇಳಿಕೊಳ್ಳಬೇಡಿ, ಇಂದು ಎಷ್ಟು ಸ್ಟೇಷನ್ ಅಂತ ಕೇಳಿಕೊಳ್ಳಿ. ಯೋಜನೆ ತಾನಾಗಿಯೇ ಸರಿಹೋಗುತ್ತದೆ.

ಏರಿನ ಹೆದರಿಕೆ ಬೇಡ. ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಚಕ್ರ ಉರುಳುವಾಗ ಹಿಡಿತ ಕಡಿಮೆ. ಹೆಚ್ಚು ಏರಿದ್ದರೆ ಎಂಜಿನ್ ಚಕ್ರ ಇದ್ದಲ್ಲೇ ಜಾರಿ ತಿರುಗುತ್ತದೆ. ಅದಕ್ಕೇ ರೈಲ್ವೆ ಎಂಜಿನಿಯರುಗಳು ಗುಡ್ಡ ಕಡಿದು, ಹಳ್ಳಕ್ಕೆ ಏರಿ ಹಾಕಿ, ಸುರಂಗ ಕೊರೆದು ದಾರಿಯನ್ನು ಆದಷ್ಟೂ ಮಟ್ಟ ಮಾಡುತ್ತಾರೆ. ನಮ್ಮ ಲೈನ್ ಪಕ್ಕದಲ್ಲೂ ಗ್ರೇಡಿಯೆಂಟ್ ಪೋಸ್ಟ್ ನೋಡಿರುತ್ತೀರಿ. ಎಷ್ಟು ದೂರಕ್ಕೆ ಎಷ್ಟು ಏರು ಅಂತ ಅದರ ಮೇಲೆ ಬರೆದಿರುತ್ತದೆ. ನಂದಿ ಬೆಟ್ಟದ ರಸ್ತೆ ಏಳೆಂಟು ಕಿ.ಮೀ.ನಲ್ಲಿ ಸುಮಾರು 400 ಮೀಟರ್ ಏರುತ್ತದೆ. ಅಂದರೆ 100 ಮೀಟರ್‌ಗೆ 5 ಮೀಟರ್. ನೀವು ಹೋಗುವ ದಾರಿಯಲ್ಲಿ ಅತಿ ಕಡಿದಾದ ಕಡೆಯೂ 100ಕ್ಕೆ 2 ಮೀಟರ್ ಮುಟ್ಟುವುದಿಲ್ಲ. ಆದರೆ ಒಂದು ವಿಷಯ. ರಸ್ತೆಯಲ್ಲಿ ಏರು ಹತ್ತಿದ ಮೇಲೆ ಇಳಿಜಾರು ಸಿಗುತ್ತದೆ, ಕಾಲಿಗೆ ಬಿಡುವು ಸಿಗುತ್ತದೆ. ರೈಲು ದಾರಿಯಲ್ಲಿ ಆ ಬಿಡುವು ಇಲ್ಲ. ಸಣ್ಣ ಏರೇ ಗಂಟೆಗಟ್ಟಲೆ ಇರುತ್ತದೆ, ಪೆಡಲ್ ತುಳಿಯುತ್ತಲೇ ಇರಬೇಕು. ಅಭ್ಯಾಸ ಮಾಡಬೇಕಾದದ್ದು ಅದನ್ನೇ.

ನಿಮಗೆ ನಾನು ಹೇಳುವುದು ಇಷ್ಟು. ಶನಿವಾರ ಬೆಳಿಗ್ಗೆ ಕಾರಿನಲ್ಲಿ ಕನ್‌ಫ್ಲುಯೆನ್ಸ್ ಅನ್ನುವ ಸಣ್ಣ ಊರಿಗೆ ಹೋಗಿ. ಯಾಕಗೇನಿ, ಕ್ಯಾಸಲ್‌ಮನ್ ನದಿಗಳು ಸೇರುವುದು ಅಲ್ಲೇ. ಅಲ್ಲಿಂದ ಕ್ಯಾಸಲ್‌ಮನ್ ನದಿಯ ಪಕ್ಕದಲ್ಲಿ ರಾಕ್‌ವುಡ್‌ಗೆ 29 ಕಿ.ಮೀ. ಊಟ ಅಲ್ಲಿ. ಆಮೇಲೆ ಮೇಯರ್ಸ್‌ಡೇಲ್‌ಗೆ ಇನ್ನು 19. ಇಡೀ ದಿನದಲ್ಲಿ ಏರುವುದು 200 ಮೀಟರ್ ಚಿಲ್ಲರೆ. ಊರು ಇನ್ನೇನು ಬಂತು ಅನ್ನುವಾಗ ಸಾಲಿಸ್‌ಬರಿ ವಯಡಕ್ಟ್ ಸಿಗುತ್ತದೆ. 580 ಮೀಟರ್ ಉದ್ದ, 30 ಮೀಟರ್ ಎತ್ತರದ ರೈಲು ಸೇತುವೆ. ಕೆಳಗೆ ನದಿ, ಹೊಲ, ಹೆದ್ದಾರಿ, ಈಗಲೂ ರೈಲು ಓಡುವ ಇನ್ನೊಂದು ಲೈನ್. ನಾನು ಅಲ್ಲಿ ಸೈಕಲ್ ನಿಲ್ಲಿಸಿ ಒಂದು ಗೂಡ್ಸ್ ಪೂರ್ತಿ ದಾಟುವವರೆಗೂ ನೋಡಿದೆ. ನನ್ನಾಕೆಗೆ ಅದು ಆಶ್ಚರ್ಯ ಆಗಲಿಲ್ಲ, ಆಕೆ ನನ್ನನ್ನು ಬಲ್ಲಳು. ರಾತ್ರಿ ಮೇಯರ್ಸ್‌ಡೇಲ್‌ನಲ್ಲಿ ತಂಗಿ. ರೂಮು ಮೊದಲೇ ಬುಕ್ ಮಾಡಬೇಕು, ಸಣ್ಣ ಊರು. ಅಲ್ಲಿನ ಹಳೇ ಸ್ಟೇಷನ್ ಈಗ ಪ್ರವಾಸಿಗರ ಕೇಂದ್ರ, ಒಳಗೆ ಊರಿನ ಮ್ಯೂಸಿಯಂ. ರೈಲು ನಿಂತು ದಶಕಗಳಾದರೂ ಸ್ಟೇಷನ್ ಬಾಗಿಲು ತೆರೆದೇ ಇದೆ. ನನ್ನಂಥವನಿಗೆ ಅದಕ್ಕಿಂತ ಇನ್ನೇನು ಬೇಕು?

ಭಾನುವಾರ ಮೊದಲ 13 ಕಿ.ಮೀ. ಏರು. ಆಮೇಲೆ ಈಸ್ಟರ್ನ್ ಕಾಂಟಿನೆಂಟಲ್ ಡಿವೈಡ್ ಬರುತ್ತದೆ, 729 ಮೀಟರ್ ಎತ್ತರದ ಜಾಗ. ಅದರ ಒಂದು ಕಡೆ ಬಿದ್ದ ಮಳೆ ಮಿಸಿಸಿಪ್ಪಿ ಸೇರಿ ಗಲ್ಫ್ ಆಫ್ ಮೆಕ್ಸಿಕೋಗೆ ಹೋಗುತ್ತದೆ, ಇನ್ನೊಂದು ಕಡೆಯದು ಅಟ್ಲಾಂಟಿಕ್‌ಗೆ. ನಮ್ಮ ನಂದಿ ಸುತ್ತಿನ ಬೆಟ್ಟಗಳಲ್ಲಿ ಒಂದು ಕಡೆ ಉತ್ತರ ಪಿನಾಕಿನಿ, ಇನ್ನೊಂದು ಕಡೆ ದಕ್ಷಿಣ ಪಿನಾಕಿನಿ ಹುಟ್ಟುತ್ತವಲ್ಲ, ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿಂದ ಕಂಬರ್ಲೆಂಡ್‌ವರೆಗೆ 38 ಕಿ.ಮೀ. ಬರೀ ಇಳಿಜಾರು. 500 ಮೀಟರ್‌ಗೂ ಜಾಸ್ತಿ ಇಳಿಯುತ್ತೀರಿ. ಸ್ವಲ್ಪ ದೂರದಲ್ಲೇ ಬಿಗ್ ಸ್ಯಾವೇಜ್ ಸುರಂಗ, ಸುಮಾರು 1 ಕಿ.ಮೀ. ಒಳಗೆ ದೀಪ ಇದೆ, ಆದರೆ ಚಳಿ ಜಾಸ್ತಿ. ಜಾಕೆಟ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಮುಂದಿನ ಬೋರ್ಡೆನ್ ಸುರಂಗದಲ್ಲಿ ದೀಪವಿಲ್ಲ, ಸೈಕಲ್‌ಗೆ ಹೆಡ್‌ಲೈಟ್ ಬೇಕೇ ಬೇಕು. ಫ್ರಾಸ್ಟ್‌ಬರ್ಗ್‌ನಿಂದ ಆಚೆ ಪ್ರವಾಸಿ ರೈಲು ಓಡುವ ಹಳಿ ಪಕ್ಕದಲ್ಲೇ ಬರುತ್ತದೆ. ರೈಲು ಬರುವ ದಿನವಾದರೆ ಬದಿಗೆ ನಿಂತು ನೋಡಿ. ಕೊನೆಗೆ ಕಂಬರ್ಲೆಂಡ್‌ನ ಹಳೇ ಇಟ್ಟಿಗೆ ಸ್ಟೇಷನ್.

ಇಳಿಜಾರಿನಲ್ಲಿ ವೇಗ ಬೇಡ. ದಾರಿ ಡಾಂಬರಲ್ಲ, ಸುಣ್ಣಕಲ್ಲಿನ ಪುಡಿ ಹಾಕಿ ಗಟ್ಟಿ ಮಾಡಿದ್ದು. ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಚಕ್ರ ಜಾರುತ್ತದೆ. ಎರಡೂ ಬ್ರೇಕ್ ಸ್ವಲ್ಪ ಸ್ವಲ್ಪ ಹಿಡಿಯಿರಿ. ಅಲ್ಲಿ ಬಲಗಡೆ ಹೋಗಬೇಕು. ಮುಂದಿನವರನ್ನು ದಾಟುವಾಗ ಬೆಲ್ ಮಾಡಿ ಅವರ ಎಡಗಡೆಯಿಂದ ಹೋಗಬೇಕು. ನಮಗೆ ಇದು ಉಲ್ಟಾ ಅಲ್ವಾ, ಮೊದಲ ಅರ್ಧ ಗಂಟೆ ಅಳಿಯನ ಹಿಂದೆಯೇ ಇರಿ. ಕಣಿವೆಯಲ್ಲಿ ಬಹಳ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಎಲ್ಲಿ ಸೇರಬೇಕು ಅನ್ನುವುದನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಿ.

ವಾಪಸ್ ಬರಲು ಸೈಕಲ್ ಸಮೇತ ಕರೆದೊಯ್ಯುವ ವ್ಯಾನ್‌ಗಳಿವೆ. ಕಂಬರ್ಲೆಂಡ್‌ನಿಂದ ಪಿಟ್ಸ್‌ಬರ್ಗ್‌ಗೆ ಆಮ್‌ಟ್ರ್ಯಾಕ್ ರೈಲೂ ಇದೆ, ಸೈಕಲ್‌ಗೂ ಮೊದಲೇ ಜಾಗ ಕಾದಿರಿಸಬೇಕು. ಆದರೆ ದೂರದ ರೈಲು, ತಡವಾಗುವುದು ಉಂಟು. ಸೋಮವಾರ ಅಳಿಯನಿಗೆ ಆಫೀಸ್ ಇದ್ದರೆ ವ್ಯಾನೇ ಸರಿ. ರೈಲಿನವನಾಗಿ ಇದನ್ನು ಹೇಳಲು ಮನಸ್ಸಾಗುವುದಿಲ್ಲ, ಆದರೂ ಹೇಳುತ್ತೇನೆ.

ತಿಂಗಳು ಸೆಪ್ಟೆಂಬರ್ ಕೊನೆಯೋ ಅಕ್ಟೋಬರ್ ಮೊದಲೋ ಆಗಲಿ. ಸೆಕೆ ಕಡಿಮೆ, ಎಲೆಗಳ ಬಣ್ಣ ತಿರುಗುವ ಸಮಯ. ಚಳಿಗಾಲದಲ್ಲಿ ಬಿಗ್ ಸ್ಯಾವೇಜ್ ಸುರಂಗವನ್ನೇ ಮುಚ್ಚಿಬಿಡುತ್ತಾರೆ. ದಾರಿಯ ಸಣ್ಣ ಊರುಗಳಲ್ಲಿ ಸಸ್ಯಾಹಾರಕ್ಕೆ ಹೆಚ್ಚು ಆಯ್ಕೆ ಇರುವುದಿಲ್ಲ. ಮಗಳ ಮನೆಯಿಂದಲೇ ಚಪಾತಿ, ಚಿತ್ರಾನ್ನ ಕಟ್ಟಿಕೊಳ್ಳಿ. ರಾಗಿ ಹುರಿಹಿಟ್ಟಿಗೆ ಬೆಲ್ಲ ಬೆರೆಸಿದರೆ ಅದಕ್ಕಿಂತ ಒಳ್ಳೆ ತಿಂಡಿ ಇಲ್ಲ. ಊರಿಂದ ಒಯ್ಯುವುದಾದರೆ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರಿಗೆ ಹೇಳಿಬಿಡಿ. ತಿನ್ನುವ ಪದಾರ್ಥ ಏನೇ ಇದ್ದರೂ ಅಲ್ಲಿ ಹೇಳಲೇಬೇಕು.

ಈಗಿನಿಂದ ಅಭ್ಯಾಸಕ್ಕೆ ಕೈವಾರದ ಕಡೆ ಹೋಗಿ ಬನ್ನಿ. ವಾರಕ್ಕೆ ಮೂರು ದಿನ ಸಾಕು. ಹೊರಡುವ ಒಂದು ತಿಂಗಳ ಮೊದಲಿಂದ ಶನಿವಾರ, ಭಾನುವಾರ ಎರಡೂ ದಿನ ಸೈಕಲ್ ಹತ್ತಿ. ಮೊದಲ ದಿನ ಯಾರಾದರೂ ತುಳಿಯುತ್ತಾರೆ. ಎರಡನೇ ದಿನ ಅದೇ ಸೀಟಿನ ಮೇಲೆ ಕೂರುವುದು ಕಷ್ಟ. ಒಳಗೆ ಪ್ಯಾಡ್ ಇರುವ ಸೈಕಲ್ ಚಡ್ಡಿ ಇಬ್ಬರಿಗೂ ಕೊಳ್ಳಿ, ಮೇಲೆ ಪ್ಯಾಂಟೋ ಸಲ್ವಾರೋ ಹಾಕಿಕೊಂಡರಾಯಿತು. ಮನೆಯವರಿಗೆ ಅನುಮಾನವಿದ್ದರೆ ಇ-ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ. ತುಳಿದಾಗ ಮಾತ್ರ ಮೋಟರ್ ನೆರವು ಕೊಡುವಂಥದ್ದಕ್ಕೆ ಆ ದಾರಿಯಲ್ಲಿ ಅನುಮತಿ ಇದೆ.

ಪ್ರಶ್ನೆ: ನಾವು ನಾಲ್ಕು ಜನ ಎಂಜಿನಿಯರಿಂಗ್ ಓದುತ್ತಿದ್ದೇವೆ. ಚಿಕ್ಕಬಳ್ಳಾಪುರದಿಂದ ಕೋಲಾರಕ್ಕೆ ರೈಲು ಹಳಿ ಪಕ್ಕದ ಕಾಲುದಾರಿಯಲ್ಲೇ ಸೈಕಲ್‌ನಲ್ಲಿ ಹೋಗಬೇಕು ಅಂತ ಆಸೆ. ಹೋಗಬಹುದಾ ಸರ್?
– ವಿದ್ಯಾರ್ಥಿ, ಚಿಕ್ಕಬಳ್ಳಾಪುರ

ಉತ್ತರ: ಬೇಡಪ್ಪಾ. ದಯವಿಟ್ಟು ಬೇಡ. ಅದು ರೈಲು ಓಡುವ ಲೈನ್. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ರೈಲ್ವೆ ಜಾಗದಲ್ಲಿ ಅನುಮತಿ ಇಲ್ಲದೆ ಓಡಾಡುವುದು ಅಪರಾಧ. ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ ಆಗಬಹುದು. ಕಾನೂನು ಒಂದು ಕಡೆ ಇರಲಿ. ಎದುರುಗಾಳಿ ಇದ್ದರೆ ಹಿಂದಿನಿಂದ ಬರುವ ರೈಲಿನ ಸದ್ದು ತೀರಾ ಹತ್ತಿರ ಬರುವವರೆಗೂ ಕೇಳುವುದಿಲ್ಲ. ಸೇತುವೆ ಮೇಲೆ ಪಕ್ಕಕ್ಕೆ ಸರಿಯಲು ಜಾಗ ಇರುವುದಿಲ್ಲ. ನನ್ನ ನೌಕರಿಯಲ್ಲಿ ಇಂಥ ಸುದ್ದಿ ಕೇಳಿ ಸ್ಟೇಷನ್ ಬಿಟ್ಟು ಹೋಗಬೇಕಾಗಿ ಬಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಆದರೆ ನಿಮ್ಮ ಆಸೆ ಒಳ್ಳೆಯದು. ಅದಕ್ಕೆ ದಾರಿ ಇದೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ. ರೈಲು ಹೋಗುವ ಈ ಊರುಗಳನ್ನೇ ರಸ್ತೆಯೂ ಮುಟ್ಟುತ್ತದೆ. ಒಟ್ಟು ನೂರು ಕಿ.ಮೀ. ಆಸುಪಾಸು. ಶನಿವಾರ ನಸುಕಿಗೇ ಹೊರಡಿ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ ನೋಡಿ, ಬೆಳಗಿನ ಹೊತ್ತು ಅಲ್ಲಿನ ಗಿಜಿಗಿಜಿಯೇ ಬೇರೆ. ರಾತ್ರಿ ಚಿಂತಾಮಣಿ. ಭಾನುವಾರ ಶ್ರೀನಿವಾಸಪುರ, ಮಾವಿನ ಕಾಲವಾದರೆ ಮಂಡಿ ಕಡೆ ಒಂದು ಸುತ್ತು ಹಾಕಿ. ಮಧ್ಯಾಹ್ನಕ್ಕೆ ಕೋಲಾರ. ಸೋಮೇಶ್ವರ ದೇವಸ್ಥಾನ ನೋಡಿ. ಕಾಲಲ್ಲಿ ಶಕ್ತಿ ಉಳಿದಿದ್ದರೆ ಅಂತರಗಂಗೆ ಹತ್ತಿ. ಪ್ರತಿ ಊರಲ್ಲೂ ಸ್ಟೇಷನ್‌ಗೆ ಹೋಗಿ, ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡು ಒಂದು ಹತ್ತು ನಿಮಿಷ ಕೂತು ಬನ್ನಿ.

ಕೂತಾಗ ಇದನ್ನು ನೆನೆಸಿಕೊಳ್ಳಿ. ಈ ಲೈನ್ ಮೊದಲು ನ್ಯಾರೋ ಗೇಜ್, ಹಳಿಗಳ ನಡುವೆ ಬರೀ ಎರಡೂವರೆ ಅಡಿ. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅನ್ನುತ್ತಿದ್ದರು. ಅಲ್ಲಿಂದ ಕೋಲಾರಕ್ಕೆ, ಆಮೇಲೆ ಈ ಕಡೆಗೆ 1910ರ ದಶಕದಲ್ಲಿ ಹಳಿ ಬಂತು. ಮೇಷ್ಟ್ರಿಗೆ ಹೇಳಿದ ಅಮೆರಿಕದ ದಾರಿಯ ಪೂರ್ವ ಭಾಗದಲ್ಲೂ ರೈಲು ಶುರುವಾದದ್ದು 1912ರಲ್ಲಿ. ಅಲ್ಲಿ 1975ರಲ್ಲಿ ರೈಲು ನಿಂತಿತು. 1986ರಲ್ಲಿ ಮೊದಲ ತುಂಡು ಸೈಕಲ್ ದಾರಿಯಾಯಿತು, 2013ರಲ್ಲಿ ಪಿಟ್ಸ್‌ಬರ್ಗ್‌ವರೆಗೆ ಪೂರ್ತಿ ಕೂಡಿತು. ಅದೇ 2013ರಲ್ಲಿ ನಮ್ಮ ಚಿಕ್ಕಬಳ್ಳಾಪುರ–ಕೋಲಾರ ಲೈನ್ ಬ್ರಾಡ್ ಗೇಜ್ ಆಗಿ ಮತ್ತೆ ರೈಲು ಓಡಿತು. ನನ್ನನ್ನು ಕೇಳಿದರೆ ನಮ್ಮದೇ ಹೆಚ್ಚು ಪುಣ್ಯ. ರೈಲು ಓಡುವ ದಾರಿಯಲ್ಲಿ ರೈಲೇ ಓಡಲಿ. ಆದರೆ ದೇಶದಲ್ಲಿ ಹಳಿ ಕಿತ್ತ ಲೈನ್‌ಗಳೂ ಇವೆ. ಅಂಥ ಕಡೆ ಜಾಗವನ್ನು ತುಂಡು ತುಂಡಾಗಿ ಹೋಗಲು ಬಿಡಬಾರದು. ಅಮೆರಿಕದಲ್ಲಿ 1983ರಲ್ಲಿ ಇದಕ್ಕೇ ಕಾನೂನು ತಂದರು. ಮುಂದೆ ರೈಲು ಬೇಕಾದರೆ ಇರಲಿ, ಅಲ್ಲಿಯವರೆಗೆ ಜನ ನಡೆಯಲಿ, ಸೈಕಲ್ ತುಳಿಯಲಿ ಅಂತ ದಾರಿಯನ್ನು ಇಡಿಯಾಗಿ ಉಳಿಸಿಕೊಳ್ಳುವ ಏರ್ಪಾಡು ಅದು. ನೀವು ಎಂಜಿನಿಯರ್ ಆಗುವವರು. ಇದರ ಬಗ್ಗೆ ಓದಿ. ನಾಳೆ ನಕ್ಷೆ ಎಳೆಯುವವರು ನೀವೇ ತಾನೆ?

ಪ್ರಶ್ನೆ: ನನಗೆ 52 ವರ್ಷ. ಸೈಕಲ್ ತುಳಿದರೆ ಮಂಡಿ ಮುಂಭಾಗ ನೋಯುತ್ತದೆ. ಸೈಕಲ್ ಬಿಡಬೇಕಾ?
– ಓದುಗರು, ಶಿಡ್ಲಘಟ್ಟ

ಉತ್ತರ: ಅಕ್ಕಾ, ಮೊದಲು ಸೀಟ್ ಎತ್ತರ ನೋಡಿ. ಬಹಳ ಜನರ ಸೀಟ್ ತೀರಾ ಕೆಳಗಿರುತ್ತದೆ. ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರ ಆಗಬೇಕು. ತುಳಿಯುವಾಗ ಪಾದದ ಮುಂಭಾಗದಿಂದ ತುಳಿದರೆ ಮಂಡಿ ಸ್ವಲ್ಪ ಮಡಚಿರುತ್ತದೆ, ಅದು ಸರಿ. ಗೇರ್ ಸೈಕಲ್ ಆದರೆ ಹಗುರ ಗೇರ್‌ನಲ್ಲಿ ಬೇಗ ಬೇಗ ತುಳಿಯಿರಿ. ಒಂದೆರಡು ವಾರದಲ್ಲಿ ಕಡಿಮೆಯಾಗದಿದ್ದರೆ, ಇಲ್ಲವೇ ಊತ ಇದ್ದರೆ, ಮೂಳೆ ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ: ಕೋಲಾರದವರೆಗೆ ಸೈಕಲ್‌ನಲ್ಲಿ ಹೋಗಿ ರೈಲಿನಲ್ಲಿ ವಾಪಸ್ ಬರಬಹುದಾ? ಸೈಕಲ್ ಬೋಗಿಯೊಳಗೆ ಬಿಡುತ್ತಾರಾ?
– ಓದುಗರು, ಮಾಲೂರು

ಉತ್ತರ: ಬೋಗಿಯೊಳಗೆ ಬಿಡುವುದಿಲ್ಲ. ಪಾರ್ಸೆಲ್ ಆಫೀಸ್‌ನಲ್ಲಿ ಬುಕ್ ಮಾಡಿ ಬ್ರೇಕ್ ವ್ಯಾನ್‌ನಲ್ಲಿ, ಅಂದರೆ ರೈಲಿನ ಸಾಮಾನು ಡಬ್ಬಿಯಲ್ಲಿ, ಹಾಕಬೇಕು. ಸಣ್ಣ ಸ್ಟೇಷನ್‌ಗಳಲ್ಲಿ ರೈಲು ನಿಲ್ಲುವುದೇ ಒಂದೆರಡು ನಿಮಿಷ, ಹತ್ತಿಸಲು ಸಮಯ ಸಾಲುವುದಿಲ್ಲ. ನೀವು ಕೋಲಾರದಿಂದ ಬಂಗಾರಪೇಟೆವರೆಗೂ ಸೈಕಲ್‌ನಲ್ಲೇ ಬನ್ನಿ. ದೊಡ್ಡ ಜಂಕ್ಷನ್, ಮಾಲೂರಿನ ಕಡೆ ರೈಲು ಜಾಸ್ತಿ. ಯಾವ ರೈಲಿನಲ್ಲಿ ಸೈಕಲ್ ಹಾಕಬಹುದು, ಮಾಲೂರಿನಲ್ಲಿ ಇಳಿಸಿಕೊಡುತ್ತಾರಾ ಅನ್ನುವುದನ್ನು ಹಿಂದಿನ ವಾರವೇ ಅಲ್ಲಿ ಕೇಳಿಟ್ಟುಕೊಳ್ಳಿ. ಸೈಕಲ್‌ಗೆ ಹೆಸರು, ಫೋನ್ ನಂಬರ್, ಇಳಿಸಬೇಕಾದ ಸ್ಟೇಷನ್ ಬರೆದ ರಟ್ಟಿನ ಚೀಟಿ ಕಟ್ಟಿ. ಪೆಡಲ್ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಿ.